ರಿಸಾಲೆಯಿಂದ ಬಂದ ಕಾಂಪೌಂಡರ್ ಜುಂಜಯ್ಯ

ಹಿರಿಯೂರಿನ ಸಾವುಕಾರ ಮುರುಗಪ್ಪನವರು ಔಷಧದ ಅಂಗಡಿ ತೆರೆದ ಮೊದಲ ವಾರದಲ್ಲೇ, ಹೆಂಡತಿಗೆ ಔಷಧ ಒಯ್ಯಲು ಬಂದ ರೈತನೊಬ್ಬ ಅದನ್ನು ತಾನೇ ಕುಡಿದು ಊರಿಗೆ ಹೋಗಬೇಕಾಯಿತು. ಕುಡಿಸಿದವನು ಅಂಗಡಿಯ ಕಾಂಪೌಂಡರ್ ಜುಂಜಯ್ಯ.

ಜುಂಜಯ್ಯ ಯಲ್ಲದಕೆರೆ ಕಡೆಯ ಗೊಲ್ಲರ ಹಟ್ಟಿಯವನು. ಪ್ರಾಯದಲ್ಲಿ ಕುರಿ ಮಾರಲು ಬೆಂಗಳೂರಿಗೆ ಹೋದವನು, ಮೈಸೂರು ಸಂಸ್ಥಾನದ ಕುದುರೆ ಪಡೆಗೆ ಜನ ತೆಗೆದುಕೊಳ್ಳುತ್ತಿರುವುದನ್ನು ಕಂಡು ಸೇರಿಬಿಟ್ಟ. ಊರಿನವರು ಅದನ್ನು ರಿಸಾಲೆ ಎನ್ನುತ್ತಿದ್ದರು. ಅವನಿಗೂ ಕುದುರೆಗೂ ಹೊಂದಲಿಲ್ಲ. ಒಮ್ಮೆ ಕುದುರೆ ಎತ್ತಿ ಹಾಕಿದ ರಭಸಕ್ಕೆ ಹೆಗಲ ಮೂಳೆ ಮುರಿಯಿತು. ಪಡೆಯ ಆಸ್ಪತ್ರೆಯಲ್ಲಿ ಸುಮ್ಮನೆ ಮಲಗಿರಲಾರದೆ ಒಂದೇ ಕೈಯಲ್ಲಿ ಸೀಸೆ ತೊಳೆದುಕೊಟ್ಟ. ಹಾಗೇ ಪುಡಿ ಅರೆಯುವುದು, ಅಳೆಯುವುದು, ಬೆರೆಸುವುದು ಕಲಿತ. ಮೂಳೆ ಕೂಡಿದ ಮೇಲೆ ಅವನನ್ನು ಮತ್ತೆ ಕುದುರೆಯ ಮೇಲೆ ಹತ್ತಿಸುವ ಮನಸ್ಸು ಯಾರಿಗೂ ಬರಲಿಲ್ಲ. 1914ರ ದೊಡ್ಡ ಯುದ್ಧ ಬಂದಾಗ ಪಡೆಯ ಜೊತೆ ಈಜಿಪ್ಟಿಗೂ ಹೋಗಿ, ಮರಳುಗಾಡಿನ ಡೇರೆಯಲ್ಲಿ ಔಷಧ ಬೆರೆಸಿದ.

ಅಲ್ಲಿಯ ಕೆಲಸದಲ್ಲಿ ಗೊಂದಲವೇ ಇರಲಿಲ್ಲ. ಡಾಕ್ಟರು ಚೀಟಿ ಬರೆಯುತ್ತಿದ್ದರು, ಸಿಪಾಯಿಗಳು ಸಾಲಾಗಿ ನಿಲ್ಲುತ್ತಿದ್ದರು, ಜುಂಜಯ್ಯ ಬಾಯಿಗೆ ಹೊಯ್ಯುತ್ತಿದ್ದ. ಚಳಿಜ್ವರಕ್ಕೆ ಕೊಡುವ ಕ್ವಿನೈನಿನ ಕಹಿ ತಾಳದೆ ಎಷ್ಟೋ ಸಿಪಾಯಿಗಳು ಅದನ್ನು ದವಡೆಯಲ್ಲಿಟ್ಟುಕೊಂಡು ಹೋಗಿ ಡೇರೆಯ ಹಿಂದೆ ಉಗುಳುತ್ತಿದ್ದರು. ಆದ್ದರಿಂದ ಒಂದು ಹುಕುಂ ಆಗಿತ್ತು: ಔಷಧ ಕಾಂಪೌಂಡರನ ಕಣ್ಣೆದುರೇ ಗಂಟಲಿನಿಂದ ಕೆಳಗೆ ಇಳಿಯಬೇಕು. ವರ್ಷಗಟ್ಟಲೆ ಜನರ ಗಂಟಲನ್ನೇ ನೋಡಿ ನೋಡಿ, ಜುಂಜಯ್ಯನಿಗೆ ಸಿಪಾಯಿಗಳ ಮುಖ ಮರೆತರೂ ಗಂಟಲು ನೆನಪಿರುತ್ತಿತ್ತು.

ಯುದ್ಧ ಮುಗಿದು ಪಡೆಯಿಂದ ಬಿಡುಗಡೆಯಾಗಿ ಊರಿಗೆ ಬಂದಾಗ, ಹಟ್ಟಿಯಲ್ಲಿ ಅವನಿಗೆ ಮಾಡುವ ಕೆಲಸವಿರಲಿಲ್ಲ. ಅದೇ ಹೊತ್ತಿಗೆ ಮುರುಗಪ್ಪನವರು ಅಂಗಡಿ ಹಾಕಲು ಹೊರಟಿದ್ದರು. ಔಷಧ ಬೆರೆಸಬಲ್ಲವರು ಬೇರೆ ಯಾರೂ ಸಿಗದೆ ಜುಂಜಯ್ಯನನ್ನು ಕರೆಸಿಕೊಂಡರು. ಹೆಂಡತಿ ಚಿತ್ತಮ್ಮನ ಜೊತೆ ಅವನು ಹಿರಿಯೂರಿಗೆ ಬಂದು, ಖಾಕಿ ಕೋಟು ತೊಟ್ಟು, ಮೀಸೆ ತಿರುವಿ, ಅಂಗಡಿಯಲ್ಲಿ ನಿಂತ. ಕೂರುವ ಅಭ್ಯಾಸವಿರಲಿಲ್ಲ.

ಆ ವಾರವೇ ಕಾಲುವೆ ಕಡೆಯ ಹಳ್ಳಿಯಿಂದ ಅಜ್ಜಪ್ಪ ಬಂದ.

"ಏನಾಗೈತೆ?" ಎಂದ ಜುಂಜಯ್ಯ.

"ಹೊಟ್ಟೆ ಕಟ್ಟೈತೆ ಕಣಪ್ಪ."

ಯಾರ ಹೊಟ್ಟೆ ಎಂದು ಅಜ್ಜಪ್ಪ ಹೇಳುವಷ್ಟರಲ್ಲಿ ಹರಳೆಣ್ಣೆ ಅಳೆದಾಗಿತ್ತು.

"ಬಾಯಿ ತೆಗಿ."

"ನನಗಲ್ಲಪ್ಪ, ನಮ್ಮನೆಯೋಳಿಗೆ."

"ಎಲ್ಲವಳೆ?"

"ಊರಾಗವಳೆ. ಸೀಸೆಗೆ ಹಾಕ್ಕೊಡು, ಒಯ್ತೀನಿ."

"ಔಷಧ ಹೊರಗೆ ಹೋಗಂಗಿಲ್ಲ. ನನ್ನ ಕಣ್ಣೆದುರಿಗೇ ಕುಡೀಬೇಕು. ಹುಕುಂ ಐತೆ."

"ಅವಳು ಇಲ್ಲಿಲ್ವಲ್ಲಪ್ಪ."

"ನೀನಿದ್ದೀಯಲ್ಲ," ಎಂದು ಜುಂಜಯ್ಯ ಗದರಿದ.

ಖಾಕಿ ತೊಟ್ಟವನು ಗದರಿದರೆ ಅದು ಸರ್ಕಾರದ ಮಾತೇ ಇರಬೇಕೆಂದು ತಿಳಿದು ಬೆಳೆದ ಅಜ್ಜಪ್ಪ ಕಣ್ಣು ಮುಚ್ಚಿ ಕುಡಿದುಬಿಟ್ಟ. ಅವನ ಊರು ಅಲ್ಲಿಂದ ಎರಡು ಹರದಾರಿ, ಆರು ಮೈಲಿ ನಡಿಗೆ. ದಾರಿಯುದ್ದಕ್ಕೂ ಜಾಲಿ ಪೊದೆಗಳಿದ್ದವು ಎಂಬುದೊಂದೇ ಅವನ ಪುಣ್ಯ. ಸಂಜೆಗೆ ಸೊರಗಿ ಮನೆ ಸೇರಿದ ಗಂಡನನ್ನು ಕಂಡು, ನಡೆದದ್ದು ಕೇಳಿ, ಅವನ ಹೆಂಡತಿ ಬಿದ್ದು ಬಿದ್ದು ನಕ್ಕಳಂತೆ. ಆ ನಗುವಿಗೇ ಅವಳ ಹೊಟ್ಟೆ ಸಡಿಲವಾಯಿತೆಂದು ಊರವರು ಹೇಳಿಕೊಂಡರು.

ಸುದ್ದಿ ಸಂತೆಯಲ್ಲೆಲ್ಲ ಹಬ್ಬಿತು. ಅಂಗಡಿಯ ಮುಂದೆ ಹಾಯುವವರು ಬಾಯಿ ಬಿಗಿಹಿಡಿದು ಹಾಯತೊಡಗಿದರು. ಮುರುಗಪ್ಪನವರು ಜುಂಜಯ್ಯನನ್ನು ಕರೆದು ಹೇಳಿದರು: "ಇದು ದಂಡಲ್ಲಪ್ಪ, ಅಂಗಡಿ. ಬಂದೋರ್ನ ಬರ್ರಿ, ಕುಂತ್ಕಳ್ರಿ ಅನ್ನಬೇಕು. ಕಷ್ಟ ಸುಖ ಕೇಳಬೇಕು."

"ಕುಂತ್ಕಂಡ್ರೆ ಸಾಲು ಹೆಂಗಾಗ್ತೈತೆ ಸಾವ್ಕಾರ್ರೆ?" ಎಂದು ಜುಂಜಯ್ಯ ನಿಜವಾಗಿಯೂ ಅರ್ಥವಾಗದೆ ಕೇಳಿದ.

ಔಷಧವನ್ನು ಮನೆಗೆ ಕೊಟ್ಟು ಕಳಿಸಲು ಅವನು ಕಷ್ಟಪಟ್ಟು ಒಪ್ಪಿದ. ಆದರೆ ಜನರ ಮಾತು ಕೇಳುವುದು ಮಾತ್ರ ಅವನಿಂದಾಗಲಿಲ್ಲ. ಊರಿನ ಮರುಳಸಿದ್ದಮ್ಮ ಎದೆಯುರಿ ಎಂದು ಬಂದು, ಸೊಸೆಯನ್ನು ತಂದ ಮದುವೆಯಿಂದ ಕಥೆ ಶುರುಮಾಡಿದರೆ, ಅವನು ನಡುವೆಯೇ ತಡೆದು, "ಉರಿ ಎಲ್ಲಿ, ಅಷ್ಟು ಹೇಳು," ಎಂದ. ಆಕೆ ಸಿಟ್ಟಾಗಿ, ಉರಿಯನ್ನು ಇದ್ದಂತೆಯೇ ಹೊತ್ತುಕೊಂಡು ಮನೆಗೆ ಹೋದಳು.

"ಜನ ಔಷಧಕ್ಕೆ ಅಂತ ಬರೋದು ಅರ್ಧ," ಎಂದಳು ಚಿತ್ತಮ್ಮ, ಊಟಕ್ಕೆ ಕೂತಾಗ. "ಹೇಳ್ಕಳಾಕೆ ಬರೋದು ಇನ್ನರ್ಧ. ನೀನು ಕೇಳಾಕಿಲ್ಲ."

"ಕೇಳೋ ಕೆಲ್ಸ ಡಾಕ್ಟರದು," ಎಂದ ಅವನು.

ಆ ಮಳೆಗಾಲ ಮುಗಿಯುತ್ತಿದ್ದಂತೆ ಮಾರಿಕಣಿವೆ ಅಣೆಕಟ್ಟಿನ ಕಾಲುವೆ ಹಳ್ಳಿಗಳಲ್ಲಿ ಚಳಿಜ್ವರ ಎದ್ದಿತು. ನೀರು ಬಂದು ಗದ್ದೆ ಹಸಿರಾದ ಕಡೆಯಲ್ಲೆಲ್ಲ ಸೊಳ್ಳೆಯೂ ಬಂದಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಗಂಡಸರು ಕಂಬಳಿ ಹೊದ್ದು ಜಗಲಿಯ ಮೇಲೆ ನಡುಗುತ್ತಿದ್ದರು. ಸರ್ಕಾರದಿಂದ ಕ್ವಿನೈನ್ ಬಂತು. ಹಂಚುವವರು ಬೇಕಾದಾಗ ತಾಲ್ಲೂಕಿನ ಅಮಲ್ದಾರರು ಮುರುಗಪ್ಪನವರನ್ನು ಕೇಳಿದರು. ಮುರುಗಪ್ಪನವರು ಜುಂಜಯ್ಯನನ್ನು ಕಳಿಸಿದರು. ಅಂಗಡಿಯಲ್ಲಿ ಅವನಿಲ್ಲದೆ ಹೋದರೆ ನಾಲ್ಕು ಜನ ಒಳಗೆ ಬಂದಾರು ಎಂಬ ಆಸೆಯೂ ಅವರಿಗಿತ್ತು. ಚಿತ್ತಮ್ಮ ತಾನೂ ಗಾಡಿ ಹತ್ತಿದಳು.

ಮೊದಲ ಹಳ್ಳಿಯೇ ಅಜ್ಜಪ್ಪನದು. ಗಾಡಿಯಿಂದ ಇಳಿದವನ ಮೀಸೆ ಕಂಡದ್ದೇ ಜನ ಹಿಂದೆ ಸರಿದರು. ಅಜ್ಜಪ್ಪ ಕಂಬಳಿ ಹೊದ್ದುಕೊಂಡೇ ಮುಂದೆ ಬಂದ.

"ಈ ಸಲ ನೀನು ಕುಡಿಯಪ್ಪ," ಎಂದ. "ನಾವು ಕಣ್ಣೆದುರಿಗೇ ನೋಡ್ತೀವಿ."

ಊರೆಲ್ಲ ಅದಕ್ಕೇ ಕಾದಿತ್ತು. ಜುಂಜಯ್ಯ ಚಿತ್ತಮ್ಮನ ಮುಖ ನೋಡಿದ. ಅವಳು ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು. ಅವನು ಕ್ವಿನೈನ್ ನೀರನ್ನು ಅಳೆದು, ಸೆಟೆದು ನಿಂತು, ಮುಖದ ಒಂದು ಗೆರೆಯೂ ಅಲುಗದಂತೆ ಕುಡಿದ. ಬಾಯಿ ತೆರೆದು ಎಲ್ಲರಿಗೂ ತೋರಿಸಿದ. ಅಜ್ಜಪ್ಪ ಹತ್ತಿರ ಬಂದು ಗಂಟಲಲ್ಲಿ ಇಣುಕಿ, "ಇಳಿದೈತೆ," ಎಂದು ಊರಿಗೆ ಸಾರಿದ. ಆಮೇಲೆ ತಾನೂ ಕುಡಿದ. ಅವನ ಹಿಂದೆ ಊರು ಕುಡಿಯಿತು.

ಆದರೆ ಗಾಡಿಗಿಂತ ಮುಂಚೆ ಸುದ್ದಿ ಮುಂದಿನ ಹಳ್ಳಿ ಸೇರಿತ್ತು. ಅಲ್ಲಿಯೂ ಮೊದಲು ಅವನೇ ಕುಡಿಯಬೇಕೆಂದರು. ಅದರಾಚೆಯ ಹಳ್ಳಿಯಲ್ಲಿ ಒಂದೊಂದು ಕೇರಿಯವರೂ ತಮ್ಮ ಎದುರೇ ಆಗಬೇಕೆಂದು ಹಟ ಹಿಡಿದರು. ಇಷ್ಟು ಕುಡಿಯಬಾರದೆಂದು ಜುಂಜಯ್ಯನಿಗೆ ಗೊತ್ತಿತ್ತು. ಆದ್ದರಿಂದ ಗುಟುಕು ಸಣ್ಣದು ಮಾಡಿದ. ಬೇಡವೆನ್ನಲು ಮಾತ್ರ ರಿಸಾಲೆಯ ಮಾನ ಅಡ್ಡಬಂತು. ಸುತ್ತು ಮುಗಿಯುವ ಹೊತ್ತಿಗೆ ಅವನ ಕಿವಿಯೊಳಗೆ ಜೀರುಂಡೆಗಳು ಕೂಗುತ್ತಿದ್ದವು. ಹಿರಿಯೂರು ಸೇರುವಷ್ಟರಲ್ಲಿ ಜೀರುಂಡೆ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ.

ಕ್ವಿನೈನ್ ಹೆಚ್ಚಾದರೆ ಕಿವಿ ಮಂದವಾಗುತ್ತದೆ, ಬಿಟ್ಟರೆ ತಾನೇ ತಿಳಿಯಾಗುತ್ತದೆ ಎಂಬುದನ್ನು ಅವನು ಪಡೆಯಲ್ಲಿ ಕಂಡಿದ್ದ. ಹಾಗಾಗಿ ಚಿತ್ತಮ್ಮನಿಗಲ್ಲದೆ ಬೇರೆ ಯಾರಿಗೂ ಹೇಳದೆ ಅಂಗಡಿಗೆ ಹೋದ. ಚಿತ್ತಮ್ಮ ಉಣ್ಣೆ ನೂಲುವ ಕದಿರು ಹಿಡಿದು ಪಕ್ಕದಲ್ಲೇ ಕುಳಿತಳು. ಕಾಂಪೌಂಡರೇ ಮೊದಲು ಕುಡಿದ ಸುದ್ದಿ ಕೇಳಿ ಜನಕ್ಕೆ ಧೈರ್ಯ ಬಂದಿತ್ತು. ಒಬ್ಬೊಬ್ಬರಾಗಿ ಒಳಗೆ ಬಂದರು, ಕುಳಿತರು, ಹೇಳಿಕೊಂಡರು. ಏನೂ ಕೇಳಿಸದ ಜುಂಜಯ್ಯ ಅವರ ತುಟಿಗಳನ್ನೇ ನೋಡುತ್ತ ತಲೆಯಾಡಿಸಿದ. ಮಾತು ಮುಗಿದಾಗ ಚಿತ್ತಮ್ಮ ತನ್ನ ಹೊಟ್ಟೆಯನ್ನೋ ತಲೆಯನ್ನೋ ಮುಟ್ಟಿ ತೋರಿಸುವಳು. ಅವನು ಅದಕ್ಕೆ ತಕ್ಕ ಔಷಧ ಬೆರೆಸುವನು.

"ದೊಡ್ಡ ತಾಳ್ಮೆ ಬಂದೈತೆ ಮನುಷ್ಯನಿಗೆ," ಎಂದು ಜನ ಆಡಿಕೊಂಡರು. ಮುರುಗಪ್ಪನವರು ಇದು ತಾವು ಹೇಳಿದ ಬುದ್ಧಿಮಾತಿನ ಫಲವೆಂದು ತಿಳಿದು ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಮರುಳಸಿದ್ದಮ್ಮನೂ ಮತ್ತೆ ಬಂದಳು. ಆಕೆ ಮಾತಿನಲ್ಲೇ ಸೊಸೆಯ ಮದುವೆಯ ಚಪ್ಪರ ಹಾಕಿಸುತ್ತಿರುವಾಗ ಜುಂಜಯ್ಯನ ಕಿವಿಯೊಳಗಿನ ಜೀರುಂಡೆಗಳು ಒಮ್ಮೆಲೇ ಸುಮ್ಮನಾದವು. ಆಕೆಯ ಮಾತು ಸ್ಪಷ್ಟವಾಗಿ ಕೇಳತೊಡಗಿತು. ಅಭ್ಯಾಸಬಲದಿಂದ ತಡೆಯಲು ಬಾಯಿ ತೆರೆದ. ಚಿತ್ತಮ್ಮ ಅವನ ಕಾಲು ತುಳಿದಳು. ಬಾಯಿ ಮುಚ್ಚಿಕೊಂಡು ಕಡೆಯವರೆಗೂ ಕೇಳಿದ. ಚಪ್ಪರ, ಊಟ, ಬೀಗರು, ಜಗಳ ಎಲ್ಲ ದಾಟಿ ಕಥೆ ನಿಂತದ್ದು ಇಲ್ಲಿ: ಸೊಸೆ ಬಡಿಸುವ ಮುದ್ದೆ ಉಣ್ಣಬಾರದೆಂಬ ಹಟಕ್ಕೆ ಆಕೆ ರಾತ್ರಿ ಉಪವಾಸ ಮಲಗುತ್ತಿದ್ದಳು.

ಜುಂಜಯ್ಯ ಎದೆಯುರಿಗೆ ಸೋಡಾ ಪುಡಿ ಬೆರೆಸಿ ಕೊಟ್ಟ. ಸ್ವಲ್ಪ ಯೋಚಿಸಿ, "ಖಾಲಿ ಹೊಟ್ಟೆಗೇ ಉರಿ ಏಳೋದು. ರಾತ್ರಿ ಒಂದು ಮುದ್ದೆ ಉಣ್ಣಮ್ಮ," ಎಂದ. "ಯಾರು ಬಡಿಸಿದ್ರೂ ರಾಗಿ ರಾಗಿನೇ."

ಆಕೆ ಕಣ್ಣೊರೆಸಿಕೊಂಡು ಎದ್ದಳು. ಜೀವಮಾನದಲ್ಲಿ ಮೊದಲ ಬಾರಿಗೆ, ಔಷಧವಲ್ಲದೆ ತನ್ನ ಮಾತೂ ಒಬ್ಬರೊಳಗೆ ಇಳಿದದ್ದನ್ನು ಜುಂಜಯ್ಯ ನೋಡಿದ. ಆ ದಿನವೆಲ್ಲ ಅವನು ಮಂಕು ಕವಿದವನಂತೆ, ಆದರೆ ಖುಷಿಯಾಗಿ ಇದ್ದ.

ಕೆಲವು ವರ್ಷಗಳ ಮೇಲೆ ಗಂಡ ಹೆಂಡತಿ ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರಕ್ಕೆ ಹೋಗಿ ತಮ್ಮದೇ ಸಣ್ಣ ಅಂಗಡಿ ಹಾಕಿದರು. ಬಂದವರು ಕೂರಲೆಂದು ಜುಂಜಯ್ಯ ಉದ್ದನೆಯ ಬೆಂಚು ಮಾಡಿಸಿದ. ಬೆಂಚಿನ ಮೇಲೆ ಚಿತ್ತಮ್ಮನ ಜೊತೆ ಮಾತು ಆಗುತ್ತಿತ್ತು, ಒಳಗೆ ಔಷಧ ಆಗುತ್ತಿತ್ತು. ಸುತ್ತಿನ ಹಳ್ಳಿಯವರು ಅದನ್ನು ಚಿತ್ತಮ್ಮನ ಅಂಗಡಿ ಎಂದೇ ಕರೆದರು, ಜುಂಜಯ್ಯ ಯಾರನ್ನೂ ತಿದ್ದಲಿಲ್ಲ.