ಹಾಲಿನ ಕೆಂಡದ ಬರ್ಗರ್

ಪಾರ್ವತಿ, ಆ ಬರ್ಗರ್ ನನ್ನದಲ್ಲ. ನಾನು ಸುಳ್ಳು ಹೇಳಿದೆ — ಅದೂ ನಿನ್ನೆದುರಿಗೇ, ಇಂಗ್ಲಿಷಿನಲ್ಲಿ.

ಎಂಟು ವರ್ಷದಿಂದ ತುಮಕೂರಿನಲ್ಲಿ ನಾನು ‘ಬರ್ಗರ್ ಮಿಸ್’. ಮೂವತ್ತು ವರ್ಷ ಗ್ರಾಮರ್ ಕಲಿಸಿದ್ದನ್ನು ಜನ ಮರೆತಿದ್ದಾರೆ. ಕೈಮಾದ ಬರ್ಗರ್ ನೆನಪಿಟ್ಟಿದ್ದಾರೆ. ನನಗದು ಖುಷಿಯೇ ಆಗಿತ್ತು. ವ್ಯಾನಿಟಿ! ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಅಷ್ಟು ಬೈದರೂ ಅದೊಂದು ಮಾತ್ರ ನನ್ನಿಂದ ಹೋಗಲಿಲ್ಲ.

ಎಂಟು ವರ್ಷದ ಹಿಂದೆ, ಆ ದಿನ ನಮ್ಮ ಟೆರೇಸಿಗೆ ಹೊಸ ಚಾರ್ಕೋಲ್ ಗ್ರಿಲ್ ಬಂದಿತ್ತು. ರಿಟೈರಾದ ಟೀಚರ್‌ಗಳೆಲ್ಲ ಸಂಜೆ ಬರುವವರಿದ್ದರು. ನಾನು ಗ್ರಿಲ್ ತುಂಬ ತೆಂಗಿನ ಚಿಪ್ಪಿನ ಇದ್ದಿಲು ಸುರಿದು, ಬೀಸಣಿಗೆಯಲ್ಲಿ ಗಾಳಿ ಹಾಕಿದ್ದೇ ಹಾಕಿದ್ದು — ಕೈಮಾ ತಟ್ಟಿ ಮಾಡಿದ ಮೊದಲ ನಾಲ್ಕು ಪ್ಯಾಟಿ ಹೊರಗೆ ಕರಕಲು, ಒಳಗೆ ಹಸಿ. ಪಕ್ಕದ ಮನೆಯ ನೀನು ಹೊಗೆ ನೋಡಿ, ಒಣಗಿದ ಬಟ್ಟೆ ತೆಗೆಯುವುದನ್ನು ಬಿಟ್ಟು ಓಡಿ ಬಂದೆ. ಮಾಂಸ ಮುಟ್ಟದವಳು. ಮೂಗಿಗೆ ಸೆರಗು ಒತ್ತಿಕೊಂಡೇ ಗ್ರಿಲ್‌ಗೆ ಒಂದು ಸುತ್ತು ಹಾಕಿದೆ.

“ಅಲ್ಲಾ ಮಿಸ್ಸೇ, ಇದೇನು ಹೋಮಾನಾ? ಹಾಲಿನ ಮಡಕೆಗೆ ಇಡೋ ಕೆಂಡ ಸಾಕು ಕಣ್ರೀ. ಒಂದ್ ಕಡೆ ಸರಿಸಿ, ಬೂದಿ ಮುಚ್ಚಿ, ಮುಚ್ಚಳ ಹಾಕ್ ಬುಡಿ.”

ನಿಟ್ಟೂರಿನ ನಿನ್ನ ತವರಿನಲ್ಲಿ ಹಾಲಿನ ಮಡಕೆ ಬೆಳಗಿನಿಂದ ಸಂಜೆವರೆಗೂ ಬೂದಿ ಮುಚ್ಚಿದ ಕೆಂಡದ ಮೇಲೆ ಕೆನೆಗಟ್ಟುತ್ತಾ ಕೂತಿರುತ್ತಿತ್ತಂತೆ. ಕೆಂಡದ ಮೇಲೆ ಅಂಗೈ ಹಿಡಿದು ಹತ್ತು ಎಣಿಸುವ ತನಕ ತಾಳಿದರೆ ಹದ, ಅಂದೆ ನೀನು. ಎಣಿಸಿಯೂ ತೋರಿಸಿದೆ. ಆಮೇಲೂ ನನ್ನ ಕೈ ಸುಮ್ಮನಿರಲಿಲ್ಲವಲ್ಲ — ಬೀಸಲೇಬೇಡಿ ಎಂದು ನೀನು ಬೀಸಣಿಗೆಯನ್ನೇ ಕಿತ್ತುಕೊಂಡು ಸ್ಟೂಲಿನ ಮೇಲೆ ಕೂತುಬಿಟ್ಟೆ.

ಮುಚ್ಚಳ ತೆಗೆದಾಗ ಪ್ಯಾಟಿಗಳು ಹೊರಗೆ ಕಂದು, ಒಳಗೆ ಪೂರ್ತಿ ಬೆಂದು, ಆದರೂ ರಸ ಹಾಗೇ. ಬಂದವರೆಲ್ಲ ಎರಡೆರಡು ತಿಂದರು. ಈ ಸೀಕ್ರೆಟ್ ಎಲ್ಲಿಂದ ಕಲಿತಿರಿ ಎಂದು ಕೇಳಿದರು. ಇಂಗ್ಲಿಷ್ ಕುಕರಿ ಬುಕ್ಕಿನಿಂದ ಅಂದೆ ನಾನು. ಆ ಸ್ಟೂಲಿನ ಮೇಲಿರುವವರು ಯಾರು ಎಂದರು.

“ಓ, ಅದು ಪಾರ್ವತಿ. ಶಿ ಓನ್ಲಿ ಫ್ಯಾನ್ಡ್ ದ ಫೈರ್.”

ಗಾಳಿ ಬೀಸಿದ್ದಷ್ಟೇ — ಬೀಸಲೇಬೇಡಿ ಎಂದವಳ ಬಗ್ಗೆ!

ಫ್ಯಾನ್, ಫೈರ್ ಎರಡೂ ನಿನಗೆ ಗೊತ್ತಿದ್ದ ಪದಗಳೇ. ನೀನು ನಕ್ಕೆ. ಬೀಸಣಿಗೆ ಸ್ಟೂಲಿನ ಮೇಲಿಟ್ಟು, ಹಾಲಿಗೆ ಹೆಪ್ಪು ಹಾಕಬೇಕು ಎಂದು ಎದ್ದು ಹೋದೆ. ಆಮೇಲೆ ಗೇಟಿನ ಹತ್ತಿರ ಎಷ್ಟೋ ಸಲ ಮಾತಾಡಿದೆವು. ನಮ್ಮ ಟೆರೇಸಿಗೆ ಮಾತ್ರ ನೀನು ಬರಲೇ ಇಲ್ಲ. ಮಗಳ ಮನೆಗೆಂದು ಗುಬ್ಬಿಗೆ ಹೊರಟ ದಿನವೂ ಕೆಳಗೇ ನಿಂತು, ಬರ್ತೀನಿ ಮಿಸ್ಸೇ ಅಂದೆ.

ಕೈಮಾ ಹತ್ತಿರ ನೀನು ಕೂತಿದ್ದೆ ಎಂದು ನಿಮ್ಮತ್ತೆಗೆ ತಿಳಿದರೆ ನಿನಗೇ ಕಷ್ಟ, ಅದಕ್ಕೇ ಹಾಗೆ ಹೇಳಿದೆ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಅಲ್ಲ ಪಾರ್ವತಿ. ಆ ಕ್ಷಣ ನಿಮ್ಮತ್ತೆ ನನ್ನ ನೆನಪಿಗೇ ಬಂದಿರಲಿಲ್ಲ. ಚಪ್ಪಾಳೆ ಬೇಕಿತ್ತು, ಅಷ್ಟೇ.

ಈ ಭಾನುವಾರ ಕುಣಿಗಲ್‌ನಲ್ಲಿ ಅದೇ ಟೀಚರ್‌ಗಳ ಗೆಟ್‌-ಟುಗೆದರ್. ನಾನು ‘ನನ್ನ’ ಬರ್ಗರಿನ ಡೆಮೊ ಕೊಡಬೇಕಂತೆ. ಅದಕ್ಕೆ ಮೊದಲು, ಶುಕ್ರವಾರ, ಗುಬ್ಬಿ ಬಸ್ ಹತ್ತುತ್ತೇನೆ. ಈ ಕಾಗದ ನಿನ್ನ ಕೈಗೇ ಕೊಟ್ಟು, ನೀನು ಓದಿ ಮುಗಿಸುವ ತನಕ ಎದುರಿಗೇ ಕೂತಿರುತ್ತೇನೆ. ಬೈಯಬೇಕೆನಿಸಿದರೆ ಬೈದುಬಿಡು, ನಿಧಾನವಾಗಿ. ನಿನ್ನ ಹೆಸರು ಹೇಳುವುದು ಬೇಡವೆಂದರೆ, ಇದು ನನ್ನದಲ್ಲ ಎಂದಷ್ಟೇ ಅವರಿಗೆ ಹೇಳುತ್ತೇನೆ. ಹೂಂ ಎಂದರೆ — ಗ್ರಿಲ್ ಪಕ್ಕದಲ್ಲಿ ನಿನಗೊಂದು ಒಳ್ಳೆಯ ಕುರ್ಚಿ. ಅಂಗೈ ಹಿಡಿದು ಹತ್ತು ಎಣಿಸುವವಳು ನೀನು. ಬೀಸಣಿಗೆಯೂ ನಿನ್ನ ಮಡಿಲಲ್ಲೇ ಇರಲಿ, ನನ್ನ ಕೈಗೆ ಸಿಗದ ಹಾಗೆ.