ವಿಠೋಬಣ್ಣನ ಕೂಗಿಗೆ ನಾನು ಓಗೊಟ್ಟೆ

ಮೊದಲೇ ಹೇಳಿಬಿಡುತ್ತೇನೆ, ನನ್ನನ್ನು ನಂಬುವುದು ಕಷ್ಟ. ನಾನು ಮಿಮಿಕ್ರಿ ಮಾಡುವವನು. ಮದುವೆ, ಗಣೇಶೋತ್ಸವ, ನಿವೃತ್ತಿ ಸಮಾರಂಭ, ಎಲ್ಲಿ ಮೈಕು ಕೊಟ್ಟರೂ ಅಲ್ಲಿ ಇನ್ನೊಬ್ಬರ ದನಿಯಲ್ಲಿ ಸುಳ್ಳು ಹೇಳಿ ಊಟ ಮಾಡಿ ಬರುವವನು. ಕಾರವಾರದ ಕೋಡಿಬಾಗದ ನಮ್ಮ ಕೇರಿಯಲ್ಲಿ ನನ್ನ ಫೋನ್ ನಂಬಿ ಮೋಸಹೋಗದ ಮನೆ ಇಲ್ಲ. ಸ್ವಂತ ಸೋದರಮಾವನಿಗೇ ಅವನ ಹೆಂಡತಿಯ ದನಿಯಲ್ಲಿ ಬೈದಿದ್ದೇನೆ. ಪಾಪ, ತಾನು ಮಾಡದ ತಪ್ಪುಗಳನ್ನೆಲ್ಲ ಒಪ್ಪಿಕೊಂಡ.

ಆದರೆ ಇದು ನಾನು ಕಟ್ಟಿದ್ದಲ್ಲ. ಕಟ್ಟಿದ್ದರೆ ಬಿಳಿ ಸೀರೆ, ಗೆಜ್ಜೆ ಸದ್ದು, ಮಲ್ಲಿಗೆ ವಾಸನೆ ಅಂತ ಏನಾದರೂ ಚಂದದ್ದು ಹಾಕುತ್ತಿದ್ದೆ. ಇದರಲ್ಲಿರುವುದು ಬರೀ ಉಗುಳು. ಉಣ್ಣುತ್ತಾ ಓದುವ ಅಭ್ಯಾಸವಿದ್ದರೆ ಮೊದಲು ತಟ್ಟೆ ಖಾಲಿ ಮಾಡಿ ಬನ್ನಿ…

‘ಉಪ್ಪಿನ ಗಾಡಿ’ ಆಲ್ಬಮ್ಮನ್ನು ನಮ್ಮ ಕಡೆಯವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಉಳಿದವರಿಗೆ ಹೇಳುವುದಾದರೆ, ಅಂಕೋಲೆಯ ವಿಠೋಬಣ್ಣ ಹಾಡಿದ ಎಂಟು ಹಾಡು. ಕಡಲತಡಿಯ ಉಪ್ಪು ಹೇರಿಕೊಂಡು ರಾತ್ರಿಯಿಡೀ ಘಟ್ಟ ಹತ್ತುತ್ತಿದ್ದ ಎತ್ತಿನ ಗಾಡಿಗಳ ಹಾಡು. ಮೊದಲು ಕ್ಯಾಸೆಟ್ಟಿನಲ್ಲಿ, ಆಮೇಲೆ ಸಿಡಿಯಲ್ಲಿ, ಈಗ ಮೊಬೈಲಿನಲ್ಲಿ. ಕಾರವಾರದಲ್ಲಿ ಟೆಂಪೋ ಹತ್ತಿದರೆ ಅಂಕೋಲೆಯಲ್ಲಿ ಇಳಿಯುವಷ್ಟರಲ್ಲಿ ಎಂಟೂ ಮುಗಿದಿರುತ್ತವೆ.

ವಿಠೋಬಣ್ಣ ಹಾಡಿನಷ್ಟೇ ಕವಳಕ್ಕೂ ಪ್ರಸಿದ್ಧರು. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಬಾಯಿ ತುಂಬ ಇಟ್ಟುಕೊಂಡೇ ರೆಕಾರ್ಡಿಂಗಿಗೆ ಕೂತಿದ್ದರಂತೆ. ಪ್ರತಿ ಹಾಡಿನ ಮೊದಲು ಕಿವಿಗೊಟ್ಟು ಕೇಳಿ: ಎಡದವಡೆಯಿಂದ ಬಲದವಡೆಗೆ ಕವಳ ಸರಿಸುವ ‘ಳೊಚ್’. ಆಮೇಲೆ ಗಂಟಲು ಕೆರೆದು ‘ಪಿಚಕ್’. ನನ್ನ ಹೊಟ್ಟೆಪಾಡು ನಡೆಯುತ್ತಿದ್ದದ್ದೇ ಈ ಳೊಚ್ ಮತ್ತು ಪಿಚಕ್ ಮೇಲೆ. ನಾನು ಕವಳ ಮುಟ್ಟಿದವನೇ ಅಲ್ಲ. ಬಸ್ ನಿಲ್ದಾಣದ ಮೂಲೆಯ ಕೆಂಪು ಕಂಡರೂ ಮೂಗು ಮುಚ್ಚಿಕೊಂಡು ಆಚೆ ದಾಟುತ್ತೇನೆ. ಆದರೆ ವೇದಿಕೆಯ ಮೇಲೆ ನಾನು ಒಂದು ಸಲ ಉಗಿದರೆ ಸಾಕು, ಜನ ವಿಠೋಬಣ್ಣನೇ ಎದ್ದು ಬಂದರು ಅನ್ನುತ್ತಿದ್ದರು.

ವಿಠೋಬಣ್ಣ ತೀರಿಕೊಂಡು ಕೆಲವು ವರ್ಷವಾಯಿತು. ಈಚೆಗೆ ಕಾರವಾರದಲ್ಲಿ ಡಾನ್ಸ್ ಕ್ಲಾಸ್ ನಡೆಸುವ ಮಿಲಿಂದ ಮಾಸ್ತರರಿಗೆ ಆ ಆಲ್ಬಮ್ಮನ್ನೇ ನೃತ್ಯನಾಟಕ ಮಾಡುವ ಹುಚ್ಚು ಹಿಡಿಯಿತು. ಹುಡುಗರ ತೋಳುಗಳೇ ಗಾಡಿಯ ಗಾಲಿ, ಹುಡುಗಿಯರ ಸಾಲೇ ಘಟ್ಟದ ತಿರುವು. ಎಲ್ಲ ಸರಿ, ಆದರೆ ಆಲ್ಬಮ್ಮಿನಲ್ಲಿ ಹಾಡಿದೆ, ಕತೆ ಇಲ್ಲ. ಹಾಡು ಹಾಡಿನ ನಡುವೆ ವಿಠೋಬಣ್ಣನೇ ಬಂದು ನಾಲ್ಕು ಮಾತಾಡಿ ಜೋಡಿಸಿಕೊಟ್ಟರೆ? ಸತ್ತವರನ್ನು ಎಲ್ಲಿಂದ ತರುವುದು?

ಕೋಡಿಬಾಗದಿಂದ.

ಅಪ್ಪಣೆ ಕೇಳಲು ಇಬ್ಬರೂ ಅಂಕೋಲೆಗೆ ಹೋದೆವು. ವಿಠೋಬಣ್ಣನ ಹೆಂಡತಿ ಯಮುನಕ್ಕ ಅಂಗಳದಲ್ಲಿ ಮುರುಗಲ ಹಣ್ಣಿನ ಸಿಪ್ಪೆ ಒಣಹಾಕುತ್ತಿದ್ದರು.

“ನೀನೇ ಅಲ್ಲಾ ತಮಾ, ಅವರ ಹಂಗೆ ಮಾತಾಡೂ ಹುಡ್ಗ? ಮಾಡು ನೋಡ್ವಾ.”

ಮಾಡಿದೆ. ಳೊಚ್. ಪಿಚಕ್. “ಯಮುನಾ, ಚಾ ಆಯ್ತೇನೇ?”

ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. “ಸಾಕು ಮಾರಾಯಾ! ಅವರು ಉಗ್ದದ್ದು ತೊಳ್ದು ತೊಳ್ದೇ ನನ್ನ ಜನ್ಮ ಹೋಯ್ತು. ಸತ್ತ ಮೇಲೂ ಉಗಿಸ್ತ್ಯಾ?”

ಹಾಡುಗಳನ್ನು ಬಳಸಿಕೊಳ್ಳಲು ಒಪ್ಪಿದರು. ಒಂದೇ ಒಂದು ಕರಾರು. “ಕಡೇ ಹಾಡಿನ ಕಡೇ ಕೂಗು ಇದ್ಯಲಾ, ಅದಕ್ಕೆ ಯಾರೂ ಓ ಅನ್ನೂದು ಬ್ಯಾಡ. ಅಂದ್ರೆ ಹಾಡು ವಾಪಸ್.”

ಆ ಕೂಗಿನ ಹಿಂದೆ ಗಾಡಿಯವರ ಒಂದು ರೂಢಿ ಇದೆ. ಸಾಲುಗಾಡಿ ಹೋಗುವಾಗ ಹಿಂದಿನವನಿಗೆ ನಿದ್ದೆ ಹತ್ತಿತೋ ಅಂತ ಮುಂದಿನವನು ಕತ್ತಲಲ್ಲಿ ಕೂಗುತ್ತಿದ್ದ: “ಹೋಯ್… ಬಂದ್ಯಾ?” ಹಿಂದಿನವನು ಎಚ್ಚರವಿದ್ದರೂ ಬಾಯಿ ಬಿಡುವಂತಿಲ್ಲ. ಮೂರನೆಯ ಕೂಗಿಗೆ ಮಾತ್ರ “ಬಂದೆ” ಅನ್ನಬೇಕು. ಮನುಷ್ಯನಾದರೆ ಮೂರು ಸಲ ಕೂಗುತ್ತಾನೆ. ಬೇರೆ ಯಾವುದೋ ಆದರೆ ಒಂದೇ ಸಲ. ವಿಠೋಬಣ್ಣನ ಅಪ್ಪ ಉಪ್ಪಿನ ಗಾಡಿ ಹೊಡೆದವರು, ಅವರ ಬಾಯಿಂದ ಬಂದ ಮಾತು. ಆಲ್ಬಮ್ಮಿನ ಕೊನೆಯಲ್ಲಿ ಕೂಗು ಕೇಳುವುದು ಒಂದೇ ಸಲ. ಆಮೇಲೆ ಎತ್ತಿನ ಗಂಟೆ ದೂರವಾಗುತ್ತಾ ಹೋಗಿ… ಮೌನ.

“ಒಂದು ಕೂಗಿಗೇ ಓ ಅಂದ್ರೆ ಎಂತ ಆಗ್ತದೆ ಯಮುನಕ್ಕಾ?” ಮಾಸ್ತರರು ನಗುತ್ತಾ ಕೇಳಿದರು.

“ಅಂದವ್ರನ್ನೇ ಕೇಳ್ಬೇಕು. ಹೇಳೂಕೆ ಯಾರೂ ತಿರುಗಿ ಬರ್ಲಿಲ್ಲ.”

ವಾಪಸ್ಸು ಬರುವಾಗ ಬೈಕಿನ ಹಿಂದೆ ಕೂತು ಕಾರವಾರ ಮುಟ್ಟುವವರೆಗೂ ಈ ಮಾತನ್ನೇ ಯಮುನಕ್ಕನ ದನಿಯಲ್ಲಿ ಹೇಳುತ್ತಾ ಮಾಸ್ತರರನ್ನು ನಗಿಸಿದೆ. ನನ್ನ ಬಾಯಿ ಅಂಥದ್ದು.

ತಾಲೀಮಿಗೆ ಜಾಗ ಸಿಕ್ಕಿದ್ದು ಬೈತಖೋಲದ ಮೀನುಬಂದರಿನಲ್ಲಿ, ಮುಚ್ಚಿಹೋದ ಒಂದು ಐಸ್ ಫ್ಯಾಕ್ಟರಿ. ನಾತದ ಬಗ್ಗೆ ನಾನು ದೂರುವವನಲ್ಲ, ಬಂಗಡೆ ಇಲ್ಲದೆ ನನಗೆ ಗಂಜಿ ಇಳಿಯುವುದಿಲ್ಲ. ಆದರೆ ಅದು ಮೀನಿನ ವಾಸನೆ ಆಗಿರಲಿಲ್ಲ. ಮೀನು ಕೊಳೆತು, ಆ ಕೊಳೆತದ್ದೂ ಕೊಳೆತು, ಗೋಡೆಯ ಸಿಮೆಂಟಿನೊಳಗೆ ಕೂತುಬಿಟ್ಟಿತ್ತು. ಬರಿಗಾಲಲ್ಲಿ ಕುಣಿದವರ ಹಿಮ್ಮಡಿಗೆ ಮೀನಿನ ಹಳೇ ಹುರುಪೆ ಅಂಟಿಕೊಳ್ಳುತ್ತಿತ್ತು. ಸಂದೇಶ ಅನ್ನುವ ನರ್ತಕ ಒಂದು ದಿನ ಅದನ್ನು ಕಿತ್ತು ನನ್ನ ಕೆನ್ನೆಗೆ ಅಂಟಿಸಿದ, “ಹಿಡಿ ಗಜೂ, ಪ್ರಶಸ್ತಿ.” ಅವನಿಗೆ ನನ್ನನ್ನು ಅಣಕಿಸುವುದೇ ಕೆಲಸ. ವಿಠೋಬಣ್ಣನ ದನಿ ನಾನು ಮಾಡಿದರೆ, ನನ್ನ ವಿಠೋಬಣ್ಣನನ್ನು ಅವನು ಮಾಡುತ್ತಿದ್ದ. ಕೆಟ್ಟದಾಗಿ.

ಅದಕ್ಕಿಂತ ಅಸಹ್ಯ ಹಾಡುಗಳಿಗೆ ಬಂದ ಗತಿ. ಎತ್ತಿನ ನಡಿಗೆಯ ಲಯವನ್ನು ಮಾಸ್ತರರು ಎರಡು ಪಟ್ಟು ಓಡಿಸಿ, ಕೆಳಗೆ ಧಡಬಡ ಡ್ರಮ್ಮು ಕೂರಿಸಿದ್ದರು. ಗಾಡಿ ಘಟ್ಟ ಹತ್ತುತ್ತಿರಲಿಲ್ಲ, ಬ್ರೇಕ್ ಫೇಲಾಗಿ ಇಳಿಯುತ್ತಿತ್ತು.

ಇದು ನಡೆದ ದಿನ ಮೊದಲ ಸಲ ಎಂಟೂ ಹಾಡು ಸಾಲಾಗಿ ಕುಣಿಯುವುದಿತ್ತು. ಸಂಜೆ ದಾಟಿ ಕತ್ತಲಾಗಿತ್ತು.

“ಅರೇ ಗಜೂ,” ಮಾಸ್ತರರು ಮತ್ತೆ ರಾಗ ಎಳೆದರು, “ಕಡೇ ಕೂಗಿಗೆ ನೀನೇ ‘ಬಂದೆ’ ಅಂದ್ಬಿಡು. ಪಬ್ಲಿಕ್ ಚಪ್ಪಾಳೆ ಹೊಡೀಬೇಕಲ್ಲ. ಸುಮ್ನೆ ನಿಂತ್ರೆ ಕರೆಂಟ್ ಹೋಯ್ತು ಅಂತ ಎದ್ದು ಹೋಗ್ತಾರೆ.”

“ಯಮುನಕ್ಕ ಹಾಡು ವಾಪಸ್ ತಕಂಡ್ರೆ ಡ್ರಮ್ಮಿಗೇ ಕುಣಿಸ್ಬೇಕಾಗ್ತದೆ ಮಾಸ್ತರೇ.”

“ಆಯ್ತು ಮಾರಾಯಾ. ಬೇಡ.”

ಏಳನೆಯ ಹಾಡಿನ ನಡುವೆ ಕರೆಂಟು ಹೋಯಿತು. ನಿಜವಾಗಿ.

ಡ್ರಮ್ಮು ನಿಂತಿತು. ಕಿವಿಯಲ್ಲಿ ಒಂದು ಗುಂಯ್‌ಗುಡುವಿಕೆ. ಗೋಡೆಯಾಚೆ ನೀರು ಬಡಿಯುವ ಸದ್ದು. ಮಾಸ್ತರರು ಮುಂಬಾಗಿಲ ಹತ್ತಿರ ಫ್ಯೂಸ್ ತಡಕುತ್ತಿರುವುದು ಕೇಳಿಸುತ್ತಿತ್ತು. ನರ್ತಕರು ಗಾಲಿಯ ಆಕಾರದಲ್ಲಿ ತೋಳು ಹೆಣೆದುಕೊಂಡು ಹಾಗೇ ನಿಂತಿದ್ದರು, ಕೈ ಬಿಟ್ಟರೆ ಕತ್ತಲಲ್ಲಿ ಜಾಗ ತಪ್ಪುತ್ತದೆ ಅಂತ. ನಾನು ಗಾಲಿಯ ನಡುವೆ.

ಆಗ, ಹಿಂದಿನ ಷಟರಿನ ಆಚೆಯಿಂದ…

“ಹೋಯ್… ಬಂದ್ಯಾ?”

ವಿಠೋಬಣ್ಣನ ದನಿ. ಕವಳ ತುಂಬಿದ ಬಾಯಲ್ಲಿ ‘ಬಂ’ ಅನ್ನುವಾಗ ತುಟಿ ಅಂಟಿ ಬಿಡುವ ಆ ಸಣ್ಣ ಸದ್ದಿದೆಯಲ್ಲ, ಅದೂ ಇತ್ತು. ನನಗೆ ಅದು ಇಷ್ಟು ವರ್ಷವಾದರೂ ಒಲಿದಿರಲಿಲ್ಲ.

ನೀವಾಗಿದ್ದರೆ ಹೆದರುತ್ತಿದ್ದಿರಿ. ನನಗೆ ಬಂದದ್ದು ಹೊಟ್ಟೆಕಿಚ್ಚು. ಸಂದೇಶ ಯಾವಾಗ ಇಷ್ಟು ಚೆನ್ನಾಗಿ ಕಲಿತ? ಮಿಮಿಕ್ರಿಯವನ ಮುಂದೆ ಅವನದೇ ಐಟಂ ಮಾಡಿದರೆ ಸುಮ್ಮನಿರುತ್ತಾನೆಯೇ? ಅದೇ ದನಿಯಲ್ಲಿ, ಅದಕ್ಕಿಂತ ಗಟ್ಟಿಯಾಗಿ ಕೊಟ್ಟೆ:

“ಬಂದೆ ಮಾರಾಯಾ, ಬಂದೆ!”

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಸಂದೇಶ. ಅವನು ನನ್ನ ಮಗ್ಗುಲಲ್ಲೇ ಇದ್ದ. ನಗುತ್ತಾ ನನ್ನ ಹೆಗಲಿಗೆ ತಲೆ ಆನಿಸಿದ.

“ಎರಡೂ ನೀನೇ ಮಾಡಿದ್ಯಲ್ಲ,” ಅಂದ. “ದೂರದ ದನಿ ಹೆಂಗೆ ತೆಗ್ದೆ?”

ಅಷ್ಟರಲ್ಲಿ ನನ್ನ ಕಿವಿಗೆ ತಾಗಿಕೊಂಡೇ ಒಂದು ಸದ್ದಾಯಿತು.

ಳೊಚ್.

ಆ ನಾತ… ಐಸ್ ಫ್ಯಾಕ್ಟರಿಯ ನಾತ ಅದರ ಮುಂದೆ ಅಗರಬತ್ತಿ. ಹುಳಿತ ಹೊಗೆಸೊಪ್ಪು, ಸುಟ್ಟ ಸುಣ್ಣ, ಎಷ್ಟೋ ಕಾಲದಿಂದ ತೊಳೆಯದ ಬಾಯಿ. ಬಿಸಿಯಾಗಿ ಕೆನ್ನೆಗೆ ತಾಗಿತು. ಮರುಕ್ಷಣವೇ ನನ್ನ ಬಾಯಿ ತುಂಬಿಕೊಂಡಿತು. ನಾಲಿಗೆಯ ಅಡಿಯಿಂದ ಬೆಚ್ಚಗೆ, ದಪ್ಪಗೆ, ಚೊಗರು ಚೊಗರಾಗಿ ಏರಿತು. ಹಲ್ಲಿನ ಸಂದಿಯಲ್ಲಿ ಅಡಿಕೆಯ ಚೂರು ಕರಕರ ಅಂದಿತು. ನುಂಗುವ ಹಾಗಿಲ್ಲ, ಇಟ್ಟುಕೊಳ್ಳುವ ಹಾಗಿಲ್ಲ. ಮತ್ತು ನನ್ನ ದವಡೆ, ನಾನು ಹೇಳದೆಯೇ, ಅದನ್ನು ಎಡದಿಂದ ಬಲಕ್ಕೆ ಸರಿಸಿತು.

ಉಗಿದೆ.

ಯಾರೋ ಮೊಬೈಲ್ ಟಾರ್ಚ್ ಹಾಕಿದರು. ನೆಲದ ಮೇಲೆ ಕೆಂಪು, ಒಂದು ಅಂಗೈಯಷ್ಟು, ಅದರಲ್ಲಿ ಎಲೆಯ ನಾರು. ಗಾಲಿಯಲ್ಲಿದ್ದ ಒಬ್ಬ ಹುಡುಗಿ ಅಲ್ಲೇ ಕೂತು ವಾಂತಿ ಮಾಡಿಕೊಂಡಳು.

“ಥೂ! ಕವಳ ಯಾವಾಗ ಹಾಕ್ದೆ ನೀನು?” ಮಾಸ್ತರರು ಮುಂಬಾಗಿಲಿಂದ ಓಡಿ ಬಂದರು.

ಆಮೇಲೆ ಎಲ್ಲರೂ ಸೇರಿ ಷಟರ್ ಎತ್ತಿ ನೋಡಿದೆವು. ಅದರಾಚೆ ನಿಲ್ಲಲು ದೋಣಿ ತಂಗುವ ದಕ್ಕೆ ಇಲ್ಲ, ಮೆಟ್ಟಿಲಿಲ್ಲ. ಗೋಡೆ ನೇರವಾಗಿ ಸಮುದ್ರಕ್ಕೆ ಇಳಿಯುತ್ತದೆ. ದೋಣಿಯೂ ಇರಲಿಲ್ಲ.

ಆ ರಾತ್ರಿ ಉಪ್ಪುನೀರಿನಲ್ಲಿ, ಬೇವಿನಕಡ್ಡಿಯಲ್ಲಿ, ಕೊನೆಗೆ ಬಟ್ಟೆ ಸಾಬೂನಿನಲ್ಲೂ ಬಾಯಿ ತೊಳೆದೆ. ಆಯಿ ನೋಡಿ, “ಯಾರನ್ನ ಅಣಕಿಸಿ ಎಂತ ತಿಂದ್ಕಂಡು ಬಂದ್ಯೋ,” ಅಂದಳು. ಮನೆಯಲ್ಲಿ ಅಮ್ಮ ಮಗ ನಾವಿಬ್ಬರೇ. ನಾನು ಮರೆಯಬೇಕೆಂದಿದ್ದೆ.

ಆದರೆ ಮಾರನೆಯ ಸಂಜೆ ಅಡುಗೆಮನೆಯಲ್ಲಿ ಆಯಿಯ ಎದುರಿಗೆ ಕೂತು ಉಣ್ಣುತ್ತಿದ್ದಾಗ ಹೊರಬಾಗಿಲಲ್ಲಿ ಯಾರೋ ಕೂಗಿದರು.

“ಆಯೀ…”

ಆಯಿ ಸಾರಿನ ಸೌಟು ಹಿಡಿದುಕೊಂಡೇ, “ಬಂದೆನೋ ಗಜೂ…” ಅನ್ನಲು ಬಾಯಿ ತೆರೆದವಳು ನನ್ನನ್ನು ನೋಡಿದಳು. ನಾನು ತುತ್ತು ಹಿಡಿದು ಎದುರಿಗೇ ಕೂತಿದ್ದೆ.

“ನೀ ಇಲ್ಲೇ ಇದ್ಯಲಾ…” ಪಿಸುಗುಟ್ಟಿದಳು. “ಹಂಗಾರೆ ಅದು ಯಾರು?”

ನನ್ನ ದನಿಯನ್ನು ನಾನು ಹೊರಗಿನಿಂದ ಕೇಳಿದ್ದು ಆಗಲೇ. ಚೆನ್ನಾಗಿ ಮಾಡಿತ್ತು. ನನ್ನ ಮೂಗಿನ ಎಳೆತ, ‘ಯೀ’ ಅನ್ನುವಾಗಿನ ಮುದ್ದು, ಎಲ್ಲ ಇತ್ತು. ಊರವರ ಬೆನ್ನ ಹಿಂದೆ ನಾನು ಮಾಡುತ್ತಿದ್ದದ್ದನ್ನೇ ಯಾರೋ ನನ್ನ ಬಾಗಿಲಲ್ಲಿ ಮಾಡುತ್ತಿದ್ದರು. ಆಯಿಯ ಬಾಯಿಗೆ ಕೈ ಅಡ್ಡ ಹಿಡಿದೆ. ಎರಡನೆಯ ಕೂಗು ಬರಲಿಲ್ಲ. ಬೆಳಿಗ್ಗೆ ಹೊಸ್ತಿಲ ಮೇಲೆ, ರಂಗೋಲಿ ಬಿಡುವ ಜಾಗದಲ್ಲಿ, ಹಸಿ ಕವಳದ ಉಗುಳು.

ಅಂಕೋಲೆಗೆ ಓಡಿ ನಡೆದದ್ದೆಲ್ಲ ಹೇಳಿದೆ. ಯಮುನಕ್ಕ ಬೈಯಲಿಲ್ಲ. ಅದೇ ಹೆಚ್ಚು ಹೆದರಿಸಿತು.

“ವಿಠೋಬಣ್ಣನಿಗೆ ನನ್ನ ಮೇಲೆ ಸಿಟ್ಟಾ ಯಮುನಕ್ಕಾ? ತಪ್ಪು ಕಾಣಿಕೆ ಇಡ್ತೆ.”

“ಒಂದೇ ಸಲ ಕೂಗ್ತಾ?”

“ಒಂದೇ ಸಲ.”

ಅವರು ಮುರುಗಲ ಸಿಪ್ಪೆ ಮಗುಚುವುದನ್ನು ಬಿಟ್ಟು ಕೈ ಒರೆಸಿಕೊಂಡರು. “ಅವ್ರಾದ್ರೆ ಮೂರು ಸಲ ಕೂಗ್ತಿದ್ರು ತಮಾ. ಅದು ಅವ್ರಲ್ಲ. ಅವ್ರ ಹಂಗೆ ಕೂಗೂದು ಕಲ್ತದ್ದು.” ಆಮೇಲೆ ನನ್ನ ಗಲ್ಲ ಹಿಡಿದು ಹೇಳಿದರು, “ಆಯಿಗೆ ಹೇಳು. ಮಗನೇ ಕೂಗಿದ್ರೂ ಮೂರು ಆಗೂವರೆಗೆ ಬಾಗ್ಲು ತೆಗೀಬಾರ್ದು. ಅವಳೇನಾದ್ರೂ ಓ ಅಂದ್ರೆ…”

ನಾಟಕ ಬಿಟ್ಟೆ. ಮಾಸ್ತರರು ಮಾತು ತೆಗೆದು ಬರೀ ಕುಣಿತ ಇಟ್ಟರು. ಅಂಕೋಲೆಯ ಪ್ರದರ್ಶನ ಚೆನ್ನಾಗೇ ಆಯಿತಂತೆ. ಕೊನೆಯ ಕೂಗಿನ ನಂತರ ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಯಾರೂ ಎದ್ದು ಹೋಗಲೂ ಇಲ್ಲ ಅಂದ ಸಂದೇಶ. ಮಿಮಿಕ್ರಿಯನ್ನೂ ನಿಲ್ಲಿಸಿದ್ದೇನೆ. ಗೆಳೆಯರು, “ಗಜೂ, ಒಂದು ಪಿಚಕ್ ಹೊಡಿಯೋ,” ಅಂದರೆ ಎದ್ದು ಬರುತ್ತೇನೆ. ಈಗ ಮನೆಗೆ ಬಂದಾಗಲೆಲ್ಲ ಹೊರಗೆ ನಿಂತು ಮೂರು ಸಲ ಕೂಗುತ್ತೇನೆ, “ಆಯೀ… ಆಯೀ… ಆಯೀ…” ಮೂರಾದ ಮೇಲೆಯೇ ಆಯಿ ಚಿಲಕ ತೆಗೆಯುತ್ತಾಳೆ. ಕೇರಿಯ ಮಕ್ಕಳು ಅದನ್ನೇ ಅಣಕಿಸುತ್ತವೆ. ಅಣಕಿಸಲಿ, ನನಗೆ ಆಗಬೇಕಾದ್ದೇ.

ಅದು ಈಗಲೂ ಬರುತ್ತದೆ, ಒಂದೇ ಸಲ ಕೂಗಿ ಉಗಿದು ಹೋಗುತ್ತದೆ. ಬೆಳಿಗ್ಗೆ ಹೊಸ್ತಿಲು ತೊಳೆಯುವವನು ನಾನೇ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ವಾಕರಿಸುತ್ತಾ.

ಮಿಮಿಕ್ರಿಯವರಿಗೆ ಒಂದು ಗುಟ್ಟು ಗೊತ್ತಿರುತ್ತದೆ. ಮೊದಲು ದನಿ ಕಲಿಯುವುದು. ಆಮೇಲೆ ಆ ಮನುಷ್ಯನ ಅಭ್ಯಾಸಗಳನ್ನು ಕಲಿಯುವುದು. ಅದು ನಿಧಾನ, ದಿನವೂ ಹತ್ತಿರ ನಿಂತು ನೋಡಬೇಕಾಗುತ್ತದೆ.

ಮೊನ್ನೆ ರಾತ್ರಿ ನಾನು ಒಳಗೆ ಮಲಗಿದ್ದೆ. ಹೊರಗಿನಿಂದ ನನ್ನ ದನಿ ಕೇಳಿತು.

“ಆಯೀ…”

ನಾವಿಬ್ಬರೂ ಹಾಸಿಗೆಯಲ್ಲಿ ಎದ್ದು ಕೂತೆವು. ಹೊಸ್ತಿಲ ಮೇಲೆ ‘ಪಿಚಕ್’ ಅಂತ ಸದ್ದಾಯಿತು. ಮುಗಿಯಿತು ಅಂದುಕೊಂಡೆವು. ಆಯಿ ಮತ್ತೆ ಅಡ್ಡಾದಳು.

ಆಗ ಮತ್ತೊಮ್ಮೆ, ಇನ್ನೂ ಮುದ್ದಾಗಿ…

“ಆಯೀ…”