ಗಾಳಿಯ ದಾರಿಗೆ ಬೆಸುಗೆ ಹಾಕುವ ಹಾಲಕ್ಕ

ಮಂಗಳವಾರ, ಬೆಳಗಿನ ಐದೂಕಾಲು. ಗ್ಯಾರೇಜುಗಳ ಓಣಿಯಲ್ಲಿ ಒಂದೇ ಒಂದು ಷಟರ್ ಅರ್ಧ ಮೇಲೆದ್ದಿದೆ. ಅದರ ಕೆಳಗಿನಿಂದ ನೀಲಿ ಬೆಳಕು ರಸ್ತೆಗೆ ಬಿದ್ದು ನಡುಗುತ್ತದೆ, ನಿಲ್ಲುತ್ತದೆ, ಮತ್ತೆ ನಡುಗುತ್ತದೆ. ಒಳಗೆ ಐವತ್ತೆಂಟರ ಹೆಂಗಸೊಬ್ಬರು ಮರದ ಸ್ಟೂಲಿನ ಮೇಲೆ ಕೂತು, ಮುಖಕ್ಕೆ ಕಪ್ಪು ಗಾಜಿನ ಮುಸುಕು ಇಳಿಬಿಟ್ಟುಕೊಂಡು, ಅಲ್ಯೂಮಿನಿಯಂ ಕೊಳವೆಯೊಂದರ ಬುಡಕ್ಕೆ ಬೆಸುಗೆ ಹಾಕುತ್ತಿದ್ದಾರೆ. ಬಲಗೈಯಲ್ಲಿ ಉರಿಯುವ ಮೊನೆ, ಎಡಗೈಯಲ್ಲಿ ಕರಗಿಸುವ ಕಡ್ಡಿ, ಬಲಗಾಲು ಕರೆಂಟಿನ ಪೆಡಲ್ ಮೇಲೆ. ದೂರದಿಂದ ನೋಡಿದರೆ ಹೊಲಿಗೆ ಯಂತ್ರದ ಮುಂದೆ ಕೂತ ಹಾಗಿದೆ.

ಇಷ್ಟು ಬೇಗ ಏಕೆ ಎಂದು ಕೇಳಿದರೆ ಮುಸುಕು ಮೇಲೆತ್ತಿ ಹೇಳುತ್ತಾರೆ: “ಎಂಟು ಗಂಟೆಗೆ ಓಣಿಯವರೆಲ್ಲ ಮಷೀನು ಹಾಕ್ತಾರೆ, ಕರೆಂಟು ಕುಣಿಯೋಕೆ ಶುರುವಾಗುತ್ತೆ. ಗಾಳಿನೂ ಏಳುತ್ತೆ. ಬೆಸುಗೆ ಮೇಲೆ ಗ್ಯಾಸಿನ ಹೊದಿಕೆ ಇರ್ಬೇಕು. ಒಂದು ಸಣ್ಣ ಗಾಳಿ ಬಂದು ಅದನ್ನ ಎಳ್ಕೊಂಡು ಹೋದ್ರೆ ಮುಗೀತು, ಲೋಹವೆಲ್ಲ ತೂತು ತೂತು.” ಅದಕ್ಕೇ ಈ ಕೋಣೆಯಲ್ಲಿ ಫ್ಯಾನಿಲ್ಲ. ಬೇಸಿಗೆಯಲ್ಲೂ ಇರುವುದಿಲ್ಲ.

ಓಣಿಯಲ್ಲಿ ಎಲ್ಲರಿಗೂ ಅವರು ಹಾಲಕ್ಕ. ಅವರು ಮಾಡುವುದು ಟರ್ಬೊ ಕಾರುಗಳ ಇನ್‌ಟೇಕ್ ಮ್ಯಾನಿಫೋಲ್ಡ್. ಎಂಜಿನ್ನಿಗೆ ಉಸಿರು ಹೋಗುವ ದಾರಿ ಎಂದುಕೊಂಡರೆ ತಪ್ಪಿಲ್ಲ. ಒಂದು ಪೆಟ್ಟಿಗೆ, ಅದರಿಂದ ಹೊರಡುವ ನಾಲ್ಕು ಕೊಳವೆ, ಕೊನೆಯಲ್ಲಿ ಎಂಜಿನ್ನಿಗೆ ಬೋಲ್ಟ್ ಬಿಗಿಯುವ ದಪ್ಪ ಪಟ್ಟಿ. ಸಾಧಾರಣ ಕಾರಿನಲ್ಲಿ ಎಂಜಿನ್ನು ತನಗೆ ಬೇಕಾದ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಟರ್ಬೊ ಇದ್ದರೆ ಗಾಳಿಯನ್ನು ಒತ್ತಿ ತುರುಕಲಾಗುತ್ತದೆ. ವೇಗದ ಹುಚ್ಚು ಹಿಡಿದವರು ಆ ಒತ್ತಡವನ್ನು ಇನ್ನಷ್ಟು ಏರಿಸಿದಾಗ ಕಾರ್ಖಾನೆಯ ಪ್ಲಾಸ್ಟಿಕ್ ಪೆಟ್ಟಿಗೆ ಬಾಯಿ ಬಿಡುತ್ತದೆ. ಆಗ ಅವರು ಹುಡುಕಿಕೊಂಡು ಬರುವುದು ಈ ಅರ್ಧ ತೆರೆದ ಷಟರಿಗೆ.

ಹನ್ನೊಂದು ವರ್ಷದಲ್ಲಿ ತೊಂಬತ್ತಾರು ಮ್ಯಾನಿಫೋಲ್ಡುಗಳು ಇಲ್ಲಿಂದ ಹೋಗಿವೆ. ಈಗ ಮೇಜಿನ ಮೇಲಿರುವುದು ತೊಂಬತ್ತೇಳನೆಯದು, ಪಕ್ಕದ ಗ್ಯಾರೇಜಿನಲ್ಲಿ ಟಾರ್ಪಾಲಿನ ಕೆಳಗೆ ನಾಲ್ಕು ವರ್ಷದಿಂದ ನಿಂತಿರುವ ಕೆಂಪು ಕಾರಿನದು. ಆ ಗ್ಯಾರೇಜು, ಆ ಕಾರು ಎರಡೂ ಹಾಲಕ್ಕನ ಒಡಹುಟ್ಟಿದ ತಮ್ಮನವು. ಎಂಜಿನ್ನು ಹೊಸದಾಗಿ ಕಟ್ಟಿದ್ದಾಗಿದೆ. ಸೋಮವಾರ ಅದನ್ನು ಟ್ಯೂನ್ ಮಾಡಲು ಹೊರಗಿನಿಂದ ಒಬ್ಬರು ಬರುತ್ತಾರೆ. ಅಷ್ಟರೊಳಗೆ ಹಾಲಕ್ಕ ತಮ್ಮನಿಗೆ ಒಂದು ಮಾತು ಹೇಳಬೇಕಿದೆ. ಬಿಸಿತುಪ್ಪದ ಹಾಗೆ ನುಂಗಲೂ ಆಗದೆ ಉಗುಳಲೂ ಆಗದೆ ನಾಲ್ಕು ವರ್ಷ ಬಾಯಲ್ಲಿಟ್ಟುಕೊಂಡ ಮಾತು ಅದು.

ಹಾಲಕ್ಕ ಎಂಬ ಹೆಸರು ಬಂದದ್ದು ಹಾಲಿನ ಡೇರಿಯಿಂದ. ಅಲ್ಲಿ ಹತ್ತೊಂಬತ್ತು ವರ್ಷ ಅವರು ಸ್ಟೀಲಿನ ಕೊಳವೆಗಳಿಗೆ ಬೆಸುಗೆ ಹಾಕಿದವರು. ಸೇರಿದ್ದು ಕ್ಯಾನು ತೊಳೆಯುವ ಕೆಲಸಕ್ಕೆ. ಒಂದು ದಿನ ವೆಲ್ಡರ್ ರಜೆ ಹಾಕಿದ್ದಾಗ ಸೋರುತ್ತಿದ್ದ ಕೊಳವೆಯ ಮುಂದೆ ಮೇಲಿನವರೆಲ್ಲ ಕೈಕಟ್ಟಿ ನಿಂತಿದ್ದರಂತೆ. ಇವರು “ನಾನೊಂದು ಕೈ ನೋಡ್ಲಾ?” ಎಂದರಂತೆ. ದಿನವೂ ಊಟದ ಬಿಡುವಿನಲ್ಲಿ ವೆಲ್ಡರನ ಪಕ್ಕ ನಿಂತು ನೋಡಿದ್ದೇ ಅವರ ವಿದ್ಯಾಭ್ಯಾಸ. ಕೊಳವೆ ಸೋರುವುದು ನಿಂತಿತು, ಕ್ಯಾನು ತೊಳೆಯುವುದೂ ನಿಂತಿತು.

“ಹಾಲಿನ ಕೊಳವೆಗೆ ಹೊರಗಿನ ಚೆಂದ ಬೇಡ. ಒಳಗೆ ನುಣ್ಣಗಿರ್ಬೇಕು. ಒಳಗಡೆ ಎಳ್ಳಿನಷ್ಟು ತರಿ ಇದ್ರೂ ಅಲ್ಲಿ ಹಾಲು ನಿಲ್ಲುತ್ತೆ, ನಿಂತಿದ್ದು ಹುಳಿಯಾಗುತ್ತೆ, ಇಡೀ ಟ್ಯಾಂಕು ಹಾಳು,” ಎನ್ನುತ್ತಾರೆ. ಡೇರಿ ಬಾಗಿಲು ಹಾಕಿದಾಗ ಅವರಿಗೆ ನಲವತ್ತೇಳು. ಆ ವಯಸ್ಸಿನ ಹೆಂಗಸಿಗೆ ಬೆಸುಗೆಯ ಕೆಲಸ ಕೊಡುವವರು ಯಾರು? ಅಕ್ಕನ ಕೈಯನ್ನು ಬಲ್ಲವನು ತಮ್ಮನೊಬ್ಬನೇ. ತನ್ನ ಗ್ಯಾರೇಜಿನ ಪಕ್ಕದ ಕೋಣೆ ಬಿಟ್ಟುಕೊಟ್ಟು, “ಹಾಲು ಹೋಗೋ ದಾರಿ ಮಾಡ್ತಿದ್ದೆ, ಇನ್ಮೇಲೆ ಗಾಳಿ ಹೋಗೋ ದಾರಿ ಮಾಡು,” ಎಂದ. ತಮ್ಮ ಆಗ ಟರ್ಬೊ ಎಂಜಿನ್ನುಗಳ ಟ್ಯೂನಿಂಗಿಗೆ ಹೆಸರಾದವನು. ಎಂಜಿನ್ನಿಗೆ ಎಷ್ಟು ಗಾಳಿಗೆ ಎಷ್ಟು ಇಂಧನ, ಕಿಡಿ ಯಾವ ಗಳಿಗೆಗೆ ಎಂದು ಕಂಪ್ಯೂಟರಿನಲ್ಲಿ ಅಳೆದು ಸುರಿದು ಕೂರಿಸುವ ಕೆಲಸ ಅದು. ದೂರದೂರದಿಂದ ಕಾರುಗಳು ಅವನ ಬಾಗಿಲಿಗೆ ಬರುತ್ತಿದ್ದವು.

ಒಂದು ಮ್ಯಾನಿಫೋಲ್ಡಿಗೆ ಮೂವತ್ತೆಂಟು ಗಂಟೆ ಬೇಕು. ಇಪ್ಪತ್ತೆರಡು ಸಂದುಗಳು. ಹನ್ನೆರಡು ಮಿಲಿಮೀಟರಿನ ಪಟ್ಟಿಯನ್ನು ಹಳೆಯ ಎಂಜಿನ್ನಿನ ತಲೆಗೆ ಬಿಗಿದು ಕಟ್ಟಿಯೇ ಬೆಸುಗೆ ಹಾಕಬೇಕು, ಇಲ್ಲದಿದ್ದರೆ ಬಿಸಿಗೆ ಪಟ್ಟಿ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಬೆಸುಗೆ ಮುಗಿದ ಮೇಲೆ ನಾಲ್ಕು ಗಂಟೆ ಬೋಲ್ಟಿಗೆ ಕೈ ಹಚ್ಚುವಂತಿಲ್ಲ. ಅವಸರದವರು ಬಂದು ಬಾಗಿಲಲ್ಲಿ ನಿಂತರೆ ಹಾಲಕ್ಕ ಸ್ಟೂಲು ತೋರಿಸುತ್ತಾರೆ. ಮಾತು ಹೆಚ್ಚಿಲ್ಲ. ಎದುರು ಅಂಗಡಿಯ ಲೇತಿನ ತಾತ ಅದನ್ನೇ ಹಾಸ್ಯ ಮಾಡುತ್ತಾರೆ: “ಇವಳು ಹಾಕಿದ ಬೆಸುಗೆನೂ ಸೋರಲ್ಲ, ಇವಳ ಬಾಯೂ ಸೋರಲ್ಲ.” ಓಣಿ ನಗುತ್ತದೆ. ಹಾಲಕ್ಕ ನಗುವುದಿಲ್ಲ, ಕಡ್ಡಿ ಒರೆಸುತ್ತಾರೆ.

ಆ ಬಾಯಿ ಸೋರದಿದ್ದ ಕತೆ ಹೀಗಿದೆ. ನಾಲ್ಕು ವರ್ಷದ ಹಿಂದೆ, ಆರು ವರ್ಷ ಕೂಡಿಟ್ಟ ಬಿಡಿಭಾಗಗಳಿಂದ ತಮ್ಮ ತನಗಾಗಿಯೇ ಒಂದು ಎಂಜಿನ್ನು ಕಟ್ಟಿದ. ಅದಕ್ಕೆ ಮ್ಯಾನಿಫೋಲ್ಡ್ ಅಕ್ಕನದು, ಅರವತ್ತೊಂದನೆಯದು. ಟ್ಯೂನಿಂಗ್ ಅವನದೇ. ಕೆಂಪು ಕಾರು ಹೆದ್ದಾರಿಯಲ್ಲಿ ಒಂಬತ್ತು ಕಿಲೋಮೀಟರ್ ಓಡಿತು. ಆಮೇಲೆ ಮೂರನೆಯ ಸಿಲಿಂಡರಿನಲ್ಲಿ ಏನೋ ಒಡೆದು, ಬಿಳಿ ಹೊಗೆ ಎದ್ದು, ಎಳೆದುಕೊಂಡು ಬರಬೇಕಾಯಿತು. ಬಿಚ್ಚಿ ನೋಡಿದರೆ ಪಿಸ್ಟನ್ ಪುಡಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಪುಡಿಯಾದ ಪಿಸ್ಟನ್ನು ಏನನ್ನೂ ಹೇಳುವುದಿಲ್ಲ. ಇಂಧನ ಕಡಿಮೆ ಬಿಟ್ಟೆ, ಒಳಗೆ ಬೆಂಕಿ ಹೆಚ್ಚಾಯಿತು, ಎಂಜಿನ್ನನ್ನು ನನ್ನ ಕೈಯಾರೆ ಕೊಂದೆ ಎಂದು ತಮ್ಮ ತೀರ್ಮಾನಿಸಿದ. ಆ ವಾರವೇ ಎರಡು ಕಾರುಗಳನ್ನು ವಾಪಸು ಕಳಿಸಿದ. ಆಮೇಲೆ ಟ್ಯೂನಿಂಗಿನ ಕಂಪ್ಯೂಟರು ಕಪಾಟು ಸೇರಿತು. ನಾಲ್ಕು ವರ್ಷದಿಂದ ಅವನು ಆಯಿಲ್ ಬದಲಾಯಿಸುತ್ತಾನೆ, ಬ್ರೇಕು ಸರಿಮಾಡುತ್ತಾನೆ, ಕ್ಲಚ್ ಕೂರಿಸುತ್ತಾನೆ. ಟರ್ಬೊ ಎಂದರೆ “ನನ್ನ ಕೈ ಸರಿಯಿಲ್ಲ, ಬೇರೆ ಕಡೆ ತೋರ್ಸಿ,” ಎನ್ನುತ್ತಾನೆ.

ಒಡೆದ ಎಂಜಿನ್ನಿನಿಂದ ಬಿಚ್ಚಿದ ಮ್ಯಾನಿಫೋಲ್ಡನ್ನು ಅವನು ಅಕ್ಕನ ಗುಜರಿ ಮೂಲೆಗೆ ಎಸೆದಿದ್ದ. ಎರಡು ವಾರದ ಮೇಲೆ, ಪಟ್ಟಿಯಾದರೂ ಬಳಕೆಗೆ ಬಂದೀತೆಂದು ಹಾಲಕ್ಕ ಅದನ್ನು ಗರಗಸದಿಂದ ಸೀಳಿದರು. ಮೂರನೆಯ ಕೊಳವೆಯ ಬಾಯಲ್ಲಿ, ಬೆಸುಗೆಯ ಒಳಮೈಯಲ್ಲಿ, ಹಣ್ಣು ಉದುರಿದ ಮೇಲೆ ಉಳಿಯುವ ತೊಟ್ಟಿನಂಥದ್ದೊಂದು ಕಂಡಿತು. ಕರಗಿದ ಲೋಹದ ಹನಿಯೊಂದು ಒಳಗೆ ಇಳಿದು, ಅಲ್ಲೇ ಗಟ್ಟಿಯಾಗಿ ನೇತಾಡಿ, ಒತ್ತಡದ ಗಾಳಿಗೆ ಮುರಿದು, ಸೀದಾ ಎಂಜಿನ್ನಿನೊಳಗೆ ಹೋಗಿತ್ತು.

ಡೇರಿಯಲ್ಲಿ ಪಳಗಿದ ಕೈಯಿಂದ ಮಾತ್ರ ಆಗಬಹುದಾದ ತಪ್ಪು ಅದು. “ಸ್ಟೀಲು ಸತ್ಯ ಹೇಳುತ್ತೆ. ಒಳಗೇನು ಆಗ್ತಿದೆ ಅನ್ನೋದನ್ನ ಹೊರಗೆ ಬಣ್ಣದಲ್ಲಿ ತೋರಿಸ್ಬಿಡುತ್ತೆ. ಹೊನ್ನಿನ ಬಣ್ಣ ಬಂದ್ರೆ ಒಳಗೂ ಸರಿ ಅಂತ ಹತ್ತೊಂಬತ್ತು ವರ್ಷ ನಂಬ್ಕೊಂಡಿದ್ದೆ. ಅಲ್ಯೂಮಿನಿಯಂ ಹಾಗಲ್ಲ. ಮೇಲೆ ಬೆಳ್ಳಿ ಥರ ಹೊಳೀತಾ ಇರುತ್ತೆ, ಕೆಳಗಡೆ ಹನಿ ಇಳಿದಿರುತ್ತೆ. ಕಡೇ ಸಂದು ಮುಚ್ಚೋ ಮುಂಚೆ ಒಳಗೆ ಇಣುಕಬೇಕಿತ್ತು. ಹೊರಗಿನ ಹೊಳಪು ನೋಡಿ ಮುಚ್ಚಿಬಿಟ್ಟೆ.” ಹೊರಗೆ ಥಳಕು ಒಳಗೆ ಹುಳುಕು ಎಂಬ ಮಾತನ್ನು ಅವರ ಮುಂದೆ ಯಾರೂ ಆಡಬೇಕಿಲ್ಲ. ಅಂದಿನಿಂದ ಮುಚ್ಚುವ ಮುನ್ನ ಹಲ್ಲಿನ ಡಾಕ್ಟರು ಬಳಸುವ ಪುಟ್ಟ ಕನ್ನಡಿಯನ್ನು ಒಂದೊಂದು ಕೊಳವೆಯ ಬಾಯಿಗೂ ಹಿಡಿಯುತ್ತಾರೆ. ಆಮೇಲಿನ ಮೂವತ್ತೈದರಲ್ಲಿ ಒಂದೂ ಕೆಟ್ಟ ಸುದ್ದಿಯಾಗಿ ಮರಳಿಲ್ಲ.

ಆದರೆ ತಮ್ಮನಿಗೆ ಹೇಳಲಿಲ್ಲ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದ ಹಾಗೆ, ತಪ್ಪು ಅಕ್ಕನದು, ಶಿಕ್ಷೆ ತಮ್ಮನದು. ಏಕೆ ಹೇಳಲಿಲ್ಲ ಎಂಬ ಪ್ರಶ್ನೆಗೆ ಅವರು ತಡವರಿಸುವುದಿಲ್ಲ. “ಹೆದರಿಕೆ. ನನ್ನ ಕೈಗೆ ಆಗ ತಾನೇ ಹೆಸರು ಬರ್ತಿತ್ತು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಅಂತ ತಳ್ಳಿದೆ. ಮೊದಲ್ನೇ ವಾರ ಹೇಳಿದ್ರೆ ಅದು ತಪ್ಪು ಅನ್ನಿಸ್ಕೋತಿತ್ತು. ತಿಂಗಳಾದ್ಮೇಲೆ ಅದು ಮೋಸ ಆಗೋಯ್ತು. ಮೋಸ ಅಂತಾದ್ಮೇಲೆ ಬಾಯಿ ಇನ್ನೂ ಬಿಗೀತು.” ಈಗೇಕೆ ಹೇಳಬೇಕು? ತಮ್ಮ ತನ್ನ ಸ್ವಂತ ಎಂಜಿನ್ನಿಗೆ ಹೊರಗಿನವರನ್ನು ಕರೆಸುತ್ತೇನೆ ಎಂದು ಹೇಳಿದ ದಿನ ಅವರಿಗೆ ಊಟ ಸೇರಲಿಲ್ಲ.

ಗುರುವಾರ ಬೆಳಿಗ್ಗೆ ಒತ್ತಡದ ಪರೀಕ್ಷೆ. ತೊಂಬತ್ತೇಳನೆಯದರ ಬಾಯಿಗಳನ್ನೆಲ್ಲ ಮುಚ್ಚಿ, ಗಾಳಿ ತುಂಬಿ, ಸಂದುಸಂದಿಗೂ ಸಾಬೂನು ನೀರು ಸವರಬೇಕು. ಗುಳ್ಳೆ ಎದ್ದರೆ ಸೋರುತ್ತಿದೆ ಎಂದರ್ಥ. ಪಂಪು ಹಿಡಿಯಲು ತಮ್ಮ ಬಂದಿದ್ದಾನೆ. ಒತ್ತಡದ ಮುಳ್ಳು ಎರಡಕ್ಕೇರಿ ನಿಂತಿದೆ, ಹತ್ತು ನಿಮಿಷವಾದರೂ ಅಲುಗಿಲ್ಲ. “ಒಂದು ಗುಳ್ಳೆನೂ ಇಲ್ಲ ಅಕ್ಕ,” ಎಂದು ಅವನು ಕೈ ಒರೆಸಿಕೊಳ್ಳುತ್ತಾನೆ. ಹಾಲಕ್ಕ ಮೇಜಿನ ಕೆಳಗಿನ ಟ್ರಂಕು ಎಳೆದು, ಡೇರಿಯ ಹಳೆಯ ಏಪ್ರನ್ನಿನಲ್ಲಿ ಸುತ್ತಿಟ್ಟ ಸೀಳಿದ ಅಲ್ಯೂಮಿನಿಯಂ ತುಂಡನ್ನು ಅವನ ಮುಂದಿಡುತ್ತಾರೆ.

“ಇದು ನಿನ್ನ ಕಾರಿಂದು. ಮೂರನೇ ಬಾಯಿ ನೋಡು. ಹನಿ ನಂದು. ನೀನು ಇಂಧನ ಸರಿಯಾಗೇ ಬಿಟ್ಟಿದ್ದೆ.”

ಅವನು ತುಂಡನ್ನು ಬೆಳಕಿಗೆ ಹಿಡಿಯುತ್ತಾನೆ. ಆಮೇಲೆ ಕೇಳುವುದು ಒಂದೇ: “ಯಾವಾಗ ಗೊತ್ತಾಯ್ತು?”

“ಎರಡು ವಾರಕ್ಕೆ.”

“ನಾಲ್ಕು ವರ್ಷ,” ಎನ್ನುತ್ತಾನೆ. ದನಿ ಏರಿಲ್ಲ. “ನಾಲ್ಕು ವರ್ಷ ನಾನು ಆಯಿಲ್ ಬದಲಾಯಿಸ್ಕೊಂಡು ಕೂತಿದ್ದೆ. ನೀನು ಗೋಡೆ ಈಚೆ ಕೂತು ನೋಡ್ತಿದ್ದೆ.” ಅವನು ತುಂಡನ್ನು ಮೇಜಿನ ಮೇಲಿಟ್ಟು ಹೊರಟುಹೋಗುತ್ತಾನೆ. ಒಡಹುಟ್ಟಿದವನ ಬೆನ್ನು ನೋಡುವುದು ಕಷ್ಟ. ಅದಕ್ಕೆ ತಾನೇ ಕಾರಣ ಎಂದು ಗೊತ್ತಿದ್ದು ನೋಡುವುದು ಇನ್ನೂ ಕಷ್ಟ.

ಶುಕ್ರವಾರ, ಶನಿವಾರ, ಭಾನುವಾರ. ಹನ್ನೊಂದು ವರ್ಷದಿಂದ ಹತ್ತು ಗಂಟೆಗೆ ಒಟ್ಟಿಗೆ ಟೀ ಕುಡಿದವರು. ಮೂರು ದಿನವೂ ಎರಡು ಲೋಟ ತುಂಬುತ್ತವೆ, ತಮ್ಮ ಬಾರದೆ ಒಂದು ಆರುತ್ತದೆ. ಲೇತಿನ ತಾತ ಏನೋ ನಡೆದಿದೆ ಎಂದು ಊಹಿಸಿ, ತಮಾಷೆ ಬಿಟ್ಟು, ಸುಮ್ಮನೆ ಬಂದು ಆ ಎರಡನೆಯ ಲೋಟ ಕುಡಿದು ಹೋಗುತ್ತಾರೆ. ಹಾಲಕ್ಕ ಬೆಳಿಗ್ಗೆ ಐದಕ್ಕೆ ಷಟರ್ ಎತ್ತುವುದನ್ನು ಮಾತ್ರ ತಪ್ಪಿಸುವುದಿಲ್ಲ. “ಕೈ ಕಟ್ಕೊಂಡು ಕೂತ್ರೆ ಅವನಿಗೇನು ಸಿಕ್ಕಂಗಾಯ್ತು?” ಎನ್ನುತ್ತಾರೆ.

ಸೋಮವಾರ ಹೊರಗಿನವರು ಬರುವುದಿಲ್ಲ. ಬರಬೇಡಿ ಎಂದು ತಮ್ಮ ಫೋನು ಮಾಡಿದ್ದಾನೆಂದು ಗೊತ್ತಾಗುವುದು ಆಮೇಲೆ. ಏಳು ಗಂಟೆಗೆ ಅವನೇ ಅಕ್ಕನ ಕೋಣೆಗೆ ಬರುತ್ತಾನೆ. ತೊಂಬತ್ತೇಳನೆಯದನ್ನು ಮಡಿಲಿಗೆ ತೆಗೆದುಕೊಂಡು ಕೂರುತ್ತಾನೆ. ಕೈಗವಸು ಕಳಚಿ, ಮೊದಲ ಕೊಳವೆಗೆ ತೋರುಬೆರಳು ಹಾಕಿ, ಒಳಗೆ ಸುತ್ತಲೂ ಸವರುತ್ತಾನೆ. ಆಮೇಲೆ ಎರಡನೆಯದು. ಮೂರನೆಯದರಲ್ಲಿ ಬೆರಳು ಹೆಚ್ಚು ಹೊತ್ತು ನಿಲ್ಲುತ್ತದೆ. ನಾಲ್ಕನೆಯದೂ ಮುಗಿದ ಮೇಲೆ ಪೆಟ್ಟಿಗೆಯ ದೊಡ್ಡ ಬಾಯಿಂದ ಮುಂಗೈವರೆಗೆ ಕೈ ಇಳಿಸಿ ಎಲ್ಲವನ್ನೂ ಇನ್ನೊಮ್ಮೆ ನೋಡುತ್ತಾನೆ. ಅಕ್ಕ ಎದುರಿಗೇ ನಿಂತಿದ್ದಾರೆ. ಹಿಂದೆಂದೂ ಅವನು ಹೀಗೆ ಪರೀಕ್ಷಿಸಿದವನಲ್ಲ.

“ಸರಿಯಿದೆ,” ಎಂದು ಎತ್ತಿಕೊಂಡು ಹೋಗುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಎಂಜಿನ್ನು ಕೂಗುತ್ತದೆ. ಗ್ಯಾರೇಜಿನೊಳಗೆ, ಕಪಾಟಿನಿಂದ ಇಳಿದ ಕಂಪ್ಯೂಟರಿನ ಮುಂದೆ, ಅವನು ಕನ್ನಡಕ ಏರಿಸಿಕೊಂಡು ಅಂಕಿಗಳನ್ನು ತಿದ್ದುತ್ತಿದ್ದಾನೆ. ಹಾಲಕ್ಕ ಒಳಗೆ ಹೋಗುವುದಿಲ್ಲ. ಗೋಡೆಯ ಈಚೆ ಸ್ಟೂಲಿನ ಮೇಲೆ ಕೂತು ಸದ್ದು ಕೇಳುತ್ತಾರೆ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಅಳು ಬಂದದ್ದನ್ನು ಮುಚ್ಚಿಡುವುದಿಲ್ಲ.

ಇದನ್ನೆಲ್ಲ ಬರೆಯಬಹುದೇ ಎಂದರೆ, “ಬರೀರಿ. ಮುಚ್ಚಿಟ್ಟಿದ್ದು ಸಾಕು. ಅವನ ಕೈ ಸರಿಯಿತ್ತು ಅನ್ನೋದನ್ನ ದೊಡ್ಡದಾಗಿ ಬರೀರಿ,” ಎನ್ನುತ್ತಾರೆ. ತಮ್ಮ ಈಗ ಕೆಲಸದ ಮಾತಷ್ಟೇ ಆಡುತ್ತಾನೆ. ಗುರುವಾರದ ಆ ಪರೀಕ್ಷೆಯ ನಂತರ ಒಮ್ಮೆಯೂ ಅಕ್ಕ ಎಂದು ಕರೆದಿಲ್ಲ. ಅವನು ಮತ್ತೆ ಹಾಗೆ ಕರೆಯಲಿ ಎಂಬುದೇ ನಿಮ್ಮ ಆಸೆಯೇ ಎಂದು ಕೇಳಿದರೆ ಅಲ್ಲವೆಂದು ತಲೆಯಾಡಿಸುತ್ತಾರೆ.

“ಅದು ಬರೋವಾಗ ಬರುತ್ತೆ, ಕೇಳಿ ಪಡೆಯೋಕಾಗಲ್ಲ. ನಂದು ಇಷ್ಟೇ. ಇನ್ಮೇಲೆ ನಾನು ಮಾಡಿದ ಒಂದೊಂದಕ್ಕೂ ಅವನು ಹೀಗೇ ಬೆರಳಿಟ್ಟು ನೋಡ್ಲಿ. ಅಕ್ಕ ಮಾಡಿದ್ದು ಅಂತ ನಂಬಿ ಜೋಡಿಸ್ಬಾರ್ದು.”